ಗೂಟದ ಮ್ಯಾಲಿನ ಬಾರಿಗಿ

ಪುರಸಭಿ ಲೆಕ್ಕಶಾಖೆಗೆ ಹೊಸದಾಗಿ ಬಂದ ಹುಡುಗ್ರು, ಹುಡುಗ್ಯಾರು ಆಗಾಗ ನನ್ನ ಮನಿಗೆ ಬರ್ತಾರ. "ಸರ್, ಬಜೆಟ್ ಹ್ಯಾಂಗ ಮಾಡೂದು, ಒಂಚೂರು ಹೇಳ್ರಿ" ಅಂತಾರ. ಟ್ರೇನಿಂಗ್‌ದಾಗ ಅವರಿಗೆ ಎಲ್ಲಾ ಕಲಿಸಿರ್ತಾರ. ಯಾವ ಕಾಲಂದಾಗ ಏನು ಬರೀಬೇಕು, ಕಂಪ್ಯೂಟರ್‌ದಾಗ ಎಲ್ಲೆ ಒತ್ತಬೇಕು, ಎಲ್ಲಾ ಗೊತ್ತಿರ್ತದ. ಮಂದಿ ಜಗಳಾಡಿ ಮುಗಿಸಿದ ಮ್ಯಾಲ ಬರಿಯೋ ಕಾಗದಕ್ಕ ಬಜೆಟ್ ಅಂತಾರ ಅನ್ನೂದೊಂದು ಯಾರೂ ಹೇಳಿರೂದಿಲ್ಲ. ಒಬ್ಬೊಬ್ಬರಿಗೆ ಹೇಳಿ ಹೇಳಿ ನನಗೂ ಸಾಕಾಗ್ಯಾದ, ಅದಕ್ಕ ಬರದ ಇಡಾಕತ್ತೀನಿ.

ಯಾದಗಿರಿ, ಶಹಾಪುರ, ಸುರಪುರ, ಮೂರೂ ಊರಾಗ ಕುರ್ಚಿ ಸವಿಸೀನಿ. ಯಾವ ಸಂಗತಿ ಯಾವ ಊರಾಗ ನಡೀತು ಅಂತ ಹೇಳಂಗಿಲ್ಲ, ಕೇಳಬ್ಯಾಡ್ರಿ. ಕೆಲವರು ಇನ್ನೂ ಇದ್ದಾರ, ಕೆಲವರ ಮಕ್ಕಳು ಈಗ ಮೆಂಬರ್ ಆಗ್ಯಾರ. ನನಗ ಪ್ರಮೋಶನ್ ಯಾವಾಗ ಬಂತು, ಯಾರು ಸನ್ಮಾನ ಮಾಡಿದ್ರು, ಅದನ್ನೂ ಬರ್ಯಂಗಿಲ್ಲ. ಶಾಲು ಎಲ್ಲಾರಿಗೂ ಹೊದಿಸ್ತಾರ.

ನನ್ನ ಮೊದಲ ಸಾಹೇಬ್ರು ಖಾದರ್ ಸಾಬ್ರು, ಹೆಡ್ ಅಕೌಂಟೆಂಟ್. ನಿಜಾಮನ ಕಾಲದ ಸಾಲ್ಯಾಗ ಓದಿದವರು. ಕನ್ನಡದಾಗ ಬರೀತಿದ್ರು, ಉರ್ದುದಾಗ ಕೂಡಿಸ್ತಿದ್ರು, ಬೈಯೂದು ಎರಡೂ ಭಾಷಾದಾಗ. ಬಜೆಟ್ ಅಂದ್ರ ಅವರಿಗೆ ಅರ್ಧ ದಿನದ ಕೆಲಸ. ಹೋದ ವರ್ಷದ್ದು ತಗೀತಿದ್ರು, ಅಲ್ಲೀಟು ಇಲ್ಲೀಟು ಏರಿಸ್ತಿದ್ರು, ಮಧ್ಯಾಹ್ನ ನಮಾಜಿಗೆ ಹೋಗೂದರಾಗ ಮುಗೀತಿತ್ತು. ಒಂದ ಮಾತು ಮಾತ್ರ ನನಗ ಗಟ್ಟಿ ಹೇಳಿಕೊಟ್ಟಿದ್ರು. "ಬೇಟಾ, ಮೊದಲ ಪಗಾರ ಬರಿ, ಆಮ್ಯಾಲ ಬೀದಿ ದೀಪ. ಕತ್ತಲಾಗ ಮಂದಿ ನಡೀತಾರ, ಹಸದು ನಡ್ಯಂಗಿಲ್ಲ." ನಾ ಆ ಮಾತು ನಂಬಿಕೊಂಡೇ ನೌಕರಿ ಮುಗಿಸೀನಿ. ನಮ್ಮ ಮುಖ್ಯಾಧಿಕಾರಿಗಳು ಬಹಳ ಮಂದಿ ಬೀದಿ ದೀಪದ ಕಡೀಗೇ ಇದ್ರು, ಯಾಕಂದ್ರ ದೀಪ ಉದ್ಘಾಟನಾ ಮಾಡಾಕ ಬರ್ತದ.

ಯೂನಿಯನ್ನಿನವರ ಜೊತೀ ಮಾತುಕತಿ ನಾ ಮೊದಲ ನೋಡಿದ್ದು ಬೂಟಿನ ಸಲುವಾಗಿ. ಕಸಾ ಹೊಡಿಯೋ ಹೆಣ್ಮಕ್ಕಳಿಗೆಲ್ಲ ಮುಂದಾಳು ಅಂದ್ರ ಹಣಮವ್ವ. ಎತ್ತರದ ಹೆಂಗಸು, ಹಣಿ ತುಂಬ ಕುಂಕುಮ, ದನಿ ಕಚೇರಿ ಗೇಟಿನಿಂದ ಮೀಟಿಂಗ್ ಹಾಲಿಗೆ ಕೇಳ್ತಿತ್ತು. ಗಟಾರದಾಗ ಇಳಿದು ಕಾಲು ಕೊಳ್ಯಾಕತ್ತಾವ, ಬೂಟು ಕೊಡ್ರಿ ಅಂತ ಕೇಳಿದ್ಲು. ಖಾದರ್ ಸಾಬ್ರು ಬಜೆಟ್‌ದಾಗ ಜಾಗ ಮಾಡಿದ್ರು. ಆಗಿನ ಮುಖ್ಯಾಧಿಕಾರಿ ಪ್ಯಾಟಿಗೆ ಹೋಗಿ ಎಲ್ಲಾರಿಗೂ ಒಂದ ಅಳತಿ ಗಂಡಸರ ಬೂಟು ತಂದ ಒಗದ್ರು. ಮರುದಿನ ಹಣಮವ್ವ ಒಂದು ಬೂಟು ತಂದು ಸಾಹೇಬ್ರ ಟೇಬಲ್ ಮ್ಯಾಲ ಇಟ್ಲು.

"ಸಾಹೇಬ್ರ, ಇದೊಂದರಾಗ ನನ್ನ ಎರಡೂ ಕಾಲು ಹಿಡಿತಾವ. ಇನ್ನೊಂದು ನೀವ ಇಟ್ಕೋರಿ, ಛತ್ರಿ ಇಡಾಕ ಬರ್ತದ."

ಖಾದರ್ ಸಾಬ್ರು ಅಷ್ಟು ನಕ್ಕಿದ್ದು ನಾ ಬ್ಯಾರೆ ಎಂದೂ ನೋಡಿಲ್ಲ. ಆಮ್ಯಾಲ ಹಳೀ ರದ್ದಿ ಹಾಳಿ ನೆಲಕ್ಕ ಹಾಸಿ, ಒಬ್ಬೊಬ್ಬಾಕಿ ಕಾಲಿಟ್ಟಂಗ ಸುತ್ತ ಪೆನ್ಸಿಲ್‌ಲೆ ಗೆರಿ ಎಳಿ ಅಂತ ನನಗ ಹೇಳಿದ್ರು. ಎಳದೆ. ಕಚೇರ್ಯಾಗಿನ ಕೆಲವರು ಚಾ ಕುಡ್ಯಾಕಂತ ಎದ್ದು ಹೊರಗ ಹೋದ್ರು. ಯಾಕ ಹೋದ್ರು ಅಂತ ಎಲ್ಲಾರಿಗೂ ಗೊತ್ತಿತ್ತು, ಹಣಮವ್ವಗ ಎಲ್ಲಾರಕಿಂತ ಹೆಚ್ಚು ಗೊತ್ತಿತ್ತು. ಆಕಿ ಬಾಗಲದ ಕಡೆ ಒಮ್ಮಿ ನೋಡಿ, ತನ್ನ ಕಾಲು ಹಾಳಿ ಮ್ಯಾಲ ಇನ್ನೀಟು ಊರಿ ಇಟ್ಲು.

ಅಳತಿ ಬೂಟು ಕೊಡಾಕ ಅವರ ಹಾಜರಿ ಶೆಡ್ಡಿಗೆ ಹೋದಾಗ ಇನ್ನೊಂದು ನೋಡ್ದೆ. ಗ್ವಾಡಿಗೆ ಸಾಲಕ ಗೂಟ ಬಡದಿದ್ರು. ಕೆಲವು ಗೂಟಕ್ಕ ಕಸಾ ಹೊಡಿಯೋ ಬಾರಿಗಿ ಜೋತು ಬಿದ್ದಿದ್ವು, ಅವಕ್ಕ ಸೀರಿ ಅಂಚಿನ ಚೂರು ಕಟ್ಟಿತ್ತು. ಆ ಹೆಣ್ಮಕ್ಕಳು ಬಾರಿಗಿ ಕೊಳ್ತಿದ್ದಿಲ್ಲ. ಹಳ್ಳದ ದಂಡಿಗೆ ಹೋಗಿ ಈಚಲ ಗರಿ ಕೊಯ್ಕೊಂಡು ಬಂದು, ತಮ್ಮ ತಮ್ಮ ಕೈಗೆ ಹೊಂದೂ ಹಂಗ ತಾವ ಕಟ್ಕೊಂತಿದ್ರು. ಯಾರರ ಹಡ್ಯಾಕ ಹೋದ್ರ ಆಕಿ ಬಾರಿಗಿಗೆ ಆಕಿ ಸೀರಿ ಚೂರು ಕಟ್ಟಿ ಗೂಟಕ್ಕ ಹಾಕೂದು. ಅದು ಅಲ್ಲೆ ಇರೋತನ ಆಕಿ ಓಣಿ ಆಕಿದ. ಉಳಿದವರು ಹಂಚ್ಕೊಂಡು ಹೊಡಿತಿದ್ರು, ಆ ಬಾರಿಗಿ ಮಾತ್ರ ಯಾರೂ ಮುಟ್ಟತಿದ್ದಿಲ್ಲ. ಸರ್ಕಾರದ ಹೆರಿಗಿ ರಜಾ ಅನ್ನೂದು ಕಾಗದದಾಗಿತ್ತು. ಅವರು ನಂಬತಿದ್ದದ್ದು ಗೂಟಾನ್ನ.

ಆಮ್ಯಾಲ ಕಾಲುವಿ ಬಂತು. ನಾರಾಯಣಪುರ ಡ್ಯಾಮಿನ ನೀರು ನಮ್ಮ ಕಡೆ ಹೊಲಕ್ಕ ಹರದದ್ದ ತಡ, ಜ್ವಾಳ ಹೋಗಿ ಭತ್ತ ಬಂತು. ಭತ್ತದ ಹಿಂದ ರೈಸ್ ಮಿಲ್ಲು, ಅದರ ಹಿಂದ ರೊಕ್ಕ, ರೊಕ್ಕದ ಹಿಂದ ಲೇಔಟು. ಎಮ್ಮಿ ಮೇಯ್ತಿದ್ದ ಬಯಲಾಗ ಮಹಡಿ ಮನಿ ಎದ್ವು, ಗೇಟಿಗೆ ಸಿಂಹದ ಮಾರಿ ಕೂಡಿಸಿದ್ರು. ದೋರನಹಳ್ಳಿ ಕಡೆಯವರು, ಹೊಳಿ ದಂಡಿ ತಿಂಥಣಿ ಕಡೆಯವರು ಕೂಲಿ ಹುಡುಕ್ಕೊಂಡು ಬಂದು ಊರ ಅಂಚಿಗೆ ತಗಡಿನ ಮನಿ ಹಾಕಿದ್ರು. ಊರು ಎರಡೂ ಕಡೀಗೆ ಬೆಳೀತು. ಕಸಾನೂ ಬೆಳೀತು. ಮನಿ ಕರ ಮಾತ್ರ ಬೆಳೀಲಿಲ್ಲ. ಸಿಂಹದ ಗೇಟಿನ ಮನಿ ನಮ್ಮ ದಾಖಲಾದಾಗ ಇನ್ನೂ ತಗಡಿನ ಮನಿ ಅಂತನ ಇತ್ತು. ತಿದ್ದಾಕ ಸಭಾದಾಗ ಠರಾವು ಪಾಸ್ ಆಗಬೇಕು. ಠರಾವು ಮಾಡೋರು ಆ ಗೇಟಿನ ಒಳಗ ಇದ್ರು.

ಕರ ಏರಂಗಿಲ್ಲ, ಕೆಲಸ ಏರ್ತದ. ಏನು ಮಾಡೂದು? ಮ್ಯಾಲಿಂದ ಉಪಾಯ ಬಂತು: ಹೊಸಾ ನೇಮಕ ಬಂದ್, ಕಸದ ಕೆಲಸ ಗುತ್ತಿಗಿ. ಹಳೀ ಹೆಣ್ಮಕ್ಕಳು ಪುರಸಭಿ ಹಾಜರಿ ಪುಸ್ತಕದಾಗ ಉಳದ್ರು, ಹೊಸಬರು ಗುತ್ತಿಗೆದಾರನ ಕೈಯಾಗ. ಅದ ಶೆಡ್ಡು, ಅದ ಬಾರಿಗಿ, ಅದ ಕಸಾ, ಪಗಾರ ಬ್ಯಾರೆ ಬ್ಯಾರೆ. ಗುತ್ತಿಗೆದಾರ ಒಂದು ಕಾಯಿದೆ ಮಾಡಿದ್ದ. ಬಾಯಿಲೆ ಹೇಳಿದ ಕಾಯಿದೆ. ಹೊಟ್ಟಿ ಕಾಣಾಕತ್ತಿದ ಹೆಣ್ಮಗಳಿಗೆ "ನಾಳಿಂದ ಬರಬ್ಯಾಡ" ಅಂತಿದ್ದ. ಹಡದು ಬಂದ ಮ್ಯಾಲ ತಗೊಂತಿದ್ದಿಲ್ಲ. ಅವರ ಬಾರಿಗಿ ಗೂಟದಿಂದ ಕಿತ್ತು ಕಸದ ಟ್ರ್ಯಾಕ್ಟರಿಗೆ ಒಗಸ್ತಿದ್ದ. ನಾ ಕಣ್ಣಾರೆ ನೋಡೀನಿ.

ಹಣಮವ್ವನ ಸೊಸಿ ದೇವಮ್ಮ ಗುತ್ತಿಗೆದಾರನ ಕಡೆ ಇದ್ಲು. ಹಣಮವ್ವನ ಮಗ ಗೌಂಡಿ ಕೆಲಸಕ್ಕ ಪುಣೆ ಕಡೆ ಹೋದಾವ, ವರ್ಷಕ್ಕೊಮ್ಮಿ ಮಾರಿ ತೋರಿಸ್ತಿದ್ದ. ಹಂಗ ಬಂದು ಹೋದಾಗನ ದೇವಮ್ಮಗ ದಿನ ನಿಂತಿದ್ವು. ಅದ ವರ್ಷ ಹಣಮವ್ವ ರಿಟೈರ್ ಆಗಾಕಿ. ಅತ್ತಿ ಕೆಲಸ ಮುಗೀತದ, ಸೊಸಿ ಬಾರಿಗಿ ಟ್ರ್ಯಾಕ್ಟರಿಗೆ ಹೋಗ್ತದ, ಆ ಮನ್ಯಾಗ ಒಲಿ ಹತ್ತೂದು ಹ್ಯಾಂಗ? ದೇವಮ್ಮ ಸೆರಗು ಅಗಲ ಮಾಡಿ ಹೊಟ್ಟಿ ಮುಚ್ಕೊಂಡು ಬರಾಕತ್ತಿದ್ಲು. ಎಷ್ಟು ದಿನ ಮುಚ್ಚಾಕ ಬರ್ತದ್ರಿ?

ಬಜೆಟ್ ಮೀಟಿಂಗಿಗೆ ಮೊದಲ ಯೂನಿಯನ್ನಿನವರು ಅಧ್ಯಕ್ಷರನ್ನ ಕಾಣೂದು ನಮ್ಮಲ್ಲಿ ಪದ್ಧತಿ. ಕಚೇರ್ಯಾಗಲ್ಲ, ಅಧ್ಯಕ್ಷರ ರೈಸ್ ಮಿಲ್ಲಿನ ಕಟ್ಟಿ ಮ್ಯಾಲ. ಅಲ್ಲೆ ಚಾ ಬರ್ತದ, ಮಾತಾಗ್ತದ, ಕಚೇರ್ಯಾಗ ಆಮ್ಯಾಲ ಬರೀ ಸಹಿ. ಅಧ್ಯಕ್ಷರು ಕೆಟ್ಟ ಮನುಷ್ಯ ಅಲ್ಲ. ಹಸದು ಬಂದವರಿಗೆ ಊಟ ಹಾಕ್ತಿದ್ರು. ಕರದ ಮಾತು ಬಂದ್ರ ಮಾತ್ರ ಅವರಿಗೆ ಮಿಲ್ಲಿನ ಸಪ್ಪಳದಾಗ ಏನೂ ಕೇಳ್ತಿದ್ದಿಲ್ಲ.

"ಗುತ್ತಿಗಿ ತಗೀರಿ, ಎಲ್ಲಾರನ್ನೂ ಪುರಸಭಿ ಹಾಜರಿಗೆ ತಗೋರಿ" ಅಂದ್ಲು ಹಣಮವ್ವ.

"ಊರ ಹಂತ್ಯಾಕ ರೊಕ್ಕ ಎಲ್ಲೆದವಾ, ಹಣಮವ್ವ? ಬೇಕಾದ್ರ ಲೆಕ್ಕದ ಸಾಹೇಬ್ರನ್ನ ಕೇಳು" ಅಂತ ಅಧ್ಯಕ್ಷರು ನನ್ನ ಕಡೆ ಕೈ ಮಾಡಿದ್ರು. ಖಾದರ್ ಸಾಬ್ರ ಕುರ್ಚಿ ಆಗ ನನಗ ಬಂದಿತ್ತು.

"ಊರ ಹಂತ್ಯಾಕ ಇಲ್ಲ ಖರೆ. ಊರಾಗ ಅದ ಅಲ್ರಿ? ದಿನಾ ಮುಂಜಾನಿ ಅದರ ಮುಂದ ಕಸಾ ಹೊಡಿತೀನಿ, ನನಗ ಕಾಣಂಗಿಲ್ಲೇನು?"

ಅಧ್ಯಕ್ಷರು ನಕ್ಕು, ಇನ್ನೊಂದು ಸುತ್ತು ಚಾ ತರಿಸಿದ್ರು. ಚಾ ಎರಡನೇ ಸಲ ಬಂತಂದ್ರ ಮಾತುಕತಿ ಮುರೀತು ಅಂತ ತಿಳಕೋಬೇಕು. ಹೊಸಾ ಹುಡುಗ್ರ, ಇದನ್ನ ಬೇಕಾದ್ರ ಬರಕೋರಿ.

ಹರತಾಳ ಅಂತ ಠರಾತು. ಹ್ಯಾಂಗ ಮಾಡೂದು ಅನ್ನೂದರಾಗ ವಾಲ್‌ಮನ್ ಸಾಬಣ್ಣ ಒಂದು ತಲಿ ಓಡಿಸ್ದ. ಊರಿಗೆ ನಳದ ನೀರು ಬಿಡಾಂವ ಅಂವನ. ಕಾಲುವಿ ನೀರು ಪಂಪಿಲೆ ಎತ್ತಿ ಊರ ಕೆರಿ ತುಂಬಸ್ತಿದ್ವಿ. ಬ್ಯಾಸಗಿ ಮುಂದ ಕಾಲುವಿ ಬಂದ್ ಮಾಡ್ತಾರ, ಅದರ ಮೊದಲ ಕೆರಿ ತುಂಬಿರಬೇಕು, ಇಲ್ಲಾಂದ್ರ ಮಳಿಗಾಲದತನ ಊರಿಗೆ ನೀರಿಲ್ಲ. ಬಜೆಟ್ ಮೀಟಿಂಗೂ ಕಾಲುವಿ ಬಂದ್ ಆಗೂದೂ ಒಂದ ಸುಮಾರಿಗೆ ಬರ್ತಾವ. "ಈಗ ಪಂಪ್ ನಿಂದ್ರಸ್ತೀನಿ, ನಳಾನೂ ಬಂದ್ ಮಾಡ್ತೀನಿ. ಅಧ್ಯಕ್ಷರು ಮಿಲ್ಲು ಬಿಟ್ಟು ನಮ್ಮ ಶೆಡ್ಡಿಗೆ ಓಡಿ ಬರಲಿಲ್ಲಂದ್ರ ನನ್ನ ಮೀಸಿ ಬೋಳಸ್ತೀನಿ" ಅಂದ. ಎಲ್ಲಾರೂ ಕೈ ಎತ್ತಿದ್ರು. ಹಣಮವ್ವನೂ ಎತ್ತಿದ್ಲು. ಹಿಂದಕ ಒಮ್ಮಿ ನೀರು ನಿಂತಾಗ ಊರಿಗೆ ಊರೇ ಕಚೇರಿಗೆ ಬಂದು ಕೂತದ್ದು ಅವರ ನೆನಪಿನ್ಯಾಗಿತ್ತು.

ಪಂಪ್ ನಿಂತು ದಿನ ಹೋದ್ವು. ಅಧ್ಯಕ್ಷರು ಓಡಿ ಬರಲಿಲ್ಲ. ಯಾರೂ ಬರಲಿಲ್ಲ. ಮುಖ್ಯಾಧಿಕಾರಿ ನಿವಾಂತ ಪೇಪರ್ ಓದ್ತಿದ್ರು.

ಒಂದಿನ ಮುಂಜಾನಿ ಹಣಮವ್ವ ನನ್ನ ಮನಿಗೆ ಬಂದ್ಲು. ನಾ ಆಗಲೇ ಸಾಲಾ ಮಾಡಿ ಲೇಔಟಿನ್ಯಾಗ ಮನಿ ಕಟ್ಟಿದ್ದೆ. ಹರತಾಳ ಮಾಡಿದ್ದಕ್ಕ ತನ್ನ ಪಿಂಚಣಿಗೇನರ ಧಕ್ಕಿ ಆಗ್ತದೇನು ಅಂತ ಕೇಳಾಕ ಬಂದಿದ್ಲು. ಗೇಟಿನ ಹಂತ್ಯಾಕ ಬಂದು ನಿಂತ್ಲು, ಒಳಗ ಬರಲಿಲ್ಲ. ಅಂಗಳದಾಗ ನನ್ನ ಹೆಂಡತಿ ಪೈಪ್ ಹಿಡದು ಮಲ್ಲಿಗಿ ಬಳ್ಳಿಗೆ ನೀರು ಬಿಡಾಕತ್ತಿದ್ಲು. ನೀರು ಹರದು ಗೇಟ್ ದಾಟಿ ಹಣಮವ್ವನ ಕಾಲತನ ಬಂದಿತ್ತು.

"ಬಾಯಾರ, ಇದು ಯಾವ ನೀರ್ರಿ?"

"ನಮ್ಮ ಬೋರಿಂದು ಅಲ್ಲೇನು."

"ಕುಡ್ಯಾಕ?"

"ಕ್ಯಾನ್ ತರಿಸ್ತೀವಿ. ಇಲ್ಲೆ ಎಲ್ಲಾರದೂ ಹಂಗ. ಯಾಕವಾ, ಏನಾಗ್ಯಾದ?"

"ಹರತಾಳ ನಡದದ್ರಿ. ನಳ ಬಂದ್ ಅದಾವ."

"ಹೌದಾ? ನಮಗ ಗೊತ್ತ ಆಗಿಲ್ಲ ನೋಡು" ಅಂದ್ಲು ನನ್ನ ಹೆಂಡತಿ. ಆಕಿ ಖರೇನ ಹೇಳಿದ್ಲು, ಚ್ಯಾಷ್ಟಿ ಮಾಡಲಿಲ್ಲ.

ಹಣಮವ್ವ ಸಾಲಿಗೆ ನಿಂತ ಮನಿಗಳನ್ನ ನೋಡಿದ್ಲು. ಎಲ್ಲಾ ಮಾಳಿಗಿ ಮ್ಯಾಲ ಕರೀ ಟಾಕಿ. ಎದುರಿನ ಮನ್ಯಾಂವ ಕಾರು ತೊಳ್ಯಾಕತ್ತಿದ್ದ. ಆಕಿ ದನಿ ಅಷ್ಟು ಸಣ್ಣ ಆಗಿದ್ದು ನಾ ಅವತ್ತ ಕೇಳಿದ್ದು.

"ಹಂಗಾದ್ರ ನಾವು ಯಾರ ನೀರು ಬಂದ್ ಮಾಡೀವಿ, ಸಾಹೇಬ್ರ?"

ಉತ್ತರ ಆಕಿಗೆ ಗೊತ್ತಿತ್ತು. ಹಳೀ ಊರು, ತಗಡಿನ ಮನಿ ಓಣಿಗಳು, ಅವರದ ಓಣಿ. ಅವರ ಹೆಣ್ಮಕ್ಕಳೇ ಕೊಡ ಹೊತ್ಕೊಂಡು ಕಾಲುವಿತನ ನಡ್ಯಾಕತ್ತಿದ್ರು, ಹೊಟ್ಟಿ ಹೊತ್ಕೊಂಡ ದೇವಮ್ಮನೂ ಅವರಾಗ ಒಬ್ಬಾಕಿ. ದಿನಾ ಲೇಔಟಿನ ವಾಲು ತಿರುವೋ ಸಾಬಣ್ಣಗ, ಆ ನೀರು ಕುಡ್ಯೋರು ಅಲ್ಲೆ ಯಾರೂ ಉಳದಿಲ್ಲ ಅನ್ನೂದು ಹೊಳದಿದ್ದಿಲ್ಲ. ನಳದ ಬಾಯಿ ಎಲ್ಲಾ ಮನ್ಯಾಗೂ ಇತ್ತು ನೋಡ್ರಿ. ಪಿಂಚಣಿ ವಿಷಯ ಕೇಳೂದು ಬಿಟ್ಟು ಹಣಮವ್ವ ಹೊಳ್ಳಿ ಹೋದ್ಲು.

ಅವತ್ತ ಪಂಪ್ ಚಾಲೂ ಆತು. ಕೆರಿ ಅರ್ಧ ತುಂಬೂದರಾಗ ಕಾಲುವಿ ಬಂದ್ ಆತು. ಸಾಬಣ್ಣ ಮೀಸಿ ಬೋಳಸ್ಲಿಲ್ಲ, ಆದ್ರ ಮಂದಿ ಎದುರು ಅದರ ಮ್ಯಾಲ ಕೈ ಹಾಕೂದು ಬಿಟ್ಟ. ಲೇಔಟಿನ ವಾಲು ಮುಚ್ಚಿ, ಇದ್ದ ನೀರು ಹಳೀ ಓಣಿಗಳಿಗೆ ಸರತಿ ಪ್ರಕಾರ ಬಿಟ್ಟು ಬ್ಯಾಸಗಿ ದಾಟಿಸ್ದ.

ಹರತಾಳ ಮುಗೀಲಿಲ್ಲ, ಮಗ್ಗಲಾ ಬದಲಿಸ್ತು. "ನೀರು ಕೊಂಡು ತರ್ತಾರ. ಕಸಾ ಯಾವ ಅಂಗಡ್ಯಾಗ ಕೊಟ್ಟು ಬರ್ತಾರ?" ಅಂದ್ಲಂತ ಹಣಮವ್ವ ಶೆಡ್ಡಿನ್ಯಾಗ. ಹಳೀ ಊರಿನ ಓಣಿ ಎಲ್ಲಾ ಎಂದಿನಂಗ ಹೊಡದ್ರು. ಸಂತಿ ಹೊಡದ್ರು, ದವಾಖಾನಿ ಮುಂದ ಹೊಡದ್ರು. ಲೇಔಟಿಗೆ ಮಾತ್ರ ಯಾರೂ ಕಾಲಿಡಲಿಲ್ಲ. ಮದುವಿ ದಿನಾ ಬ್ಯಾರೆ, ಕಲ್ಯಾಣ ಮಂಟಪನೂ ಅಲ್ಲೇ. ಉಂಡ ಎಲಿ ಗುಡ್ಡಿ ಬಿದ್ವು. ಹಳೀ ಊರಿನ ಹಂದಿಗೆ ಅಲ್ಲೆ ತಿನ್ನಾಕ ಏನೂ ಸಿಗಲಿಲ್ಲ, ಮರಿ ಕಟ್ಕೊಂಡು ಲೇಔಟಿಗೆ ವಸ್ತಿ ಬಂದ್ವು. ಸಿಂಹದ ಗೇಟಿನ ಮುಂದ ಹಂದಿ ಮಲಗಿದ್ವು. ನನ್ನ ಹೆಂಡತಿಗೆ ಆವಾಗ ಹರತಾಳ ಗೊತ್ತಾತು. "ನಿಮ್ಮ ಕಚೇರ್ಯಾಗ ನಿಮ್ಮ ಮಾತು ಯಾರೂ ಕೇಳಂಗಿಲ್ಲೇನು?" ಅಂತ ಶುರು ಹಚ್ಚಿದ್ಲು.

ಅಧ್ಯಕ್ಷರು ಕರಿಯಾಕ ಕಳಿಸಿದ್ರು. ಈ ಸಲ ಮಿಲ್ಲಿಗಲ್ಲ, ಕಚೇರಿಗೆ. ಸಾಬಣ್ಣ ಬರೂಕಿಂತ ಮೊದಲ ಹಣಮವ್ವನ್ನ ಒಬ್ಬಾಕಿನ್ನ ಒಳಗ ಕರದು, ನನ್ನ ಎದುರ ಹೇಳಿದ್ರು: "ನಿನ್ನ ಸೊಸಿ ಬಸುರಿ ಅದಾಳಂತ. ಆಕಿನ್ನ ನಾಳೆನ ಪುರಸಭಿ ಹಾಜರಿಗೆ ತಗೊಂತೀನಿ. ನೀ ಹರತಾಳ ಮುಗಿಸು."

ಆಕಿ ಹೂಂ ಅಂದ್ರ ತಪ್ಪು ಅನ್ನಾಕ ಯಾರಿಗೆ ಬಾಯಿ ಅದ್ರಿ? ಹಣಮವ್ವ ಸೆರಗಿಲೆ ಮಾರಿ ಒರಸ್ಕೊಂಡ್ಲು.

"ಆಕಿ ಒಬ್ಬಾಕಿನ್ನ ತಗೊಂಡ್ರ, ನಾಳಿ ಆ ಶೆಡ್ಡಿನ್ಯಾಗ ಆಕಿ ಯಾರ ಮಾರಿ ನೋಡಬೇಕ್ರಿ, ಧಣಿ? ಬ್ಯಾಡ್ರಿ. ಎಲ್ಲಾರ ಮಾತು ಆಡ್ರಿ."

ಎಲ್ಲಾರ ಮಾತು ಸಂಜಿತನ ನಡೀತು. ಮನಿ ಕರಾ ತಿದ್ದಾಕ ಅಧ್ಯಕ್ಷರು ಒಪ್ಪಲಿಲ್ಲ. ಬಹಳ ವರ್ಷ ದುಡದ ಗುತ್ತಿಗಿ ಹೆಣ್ಮಕ್ಕಳನ್ನ ಹಾಜರಿಗೆ ತಗೊಳ್ಳಾಕ ಒಪ್ಪಿದ್ರು. ಇತ್ತೀಚಿಗೆ ಬಂದವರು ಗುತ್ತಿಗೆದಾರನ ಕಡೇನ ಉಳಿಯೋದು. ದೇವಮ್ಮ ಇತ್ತೀಚಿಗೆ ಬಂದಾಕಿ. ರೊಕ್ಕ ಎಲ್ಲಿಂದ ಅಂತ ನನ್ನ ಕೇಳಿದ್ರು. ಗುತ್ತಿಗೆದಾರಗ ಕೊಡೂದರಾಗ ಅವರ ಪಾಲು ಕಡೀರಿ, ಉಳಿದದ್ದಕ್ಕ ಹೊಸಾ ಬೀದಿ ದೀಪ ಒಂದು ವರ್ಷ ತಡೀರಿ ಅಂದೆ. ಖಾದರ್ ಸಾಬ್ರು ಆಗಲೇ ತೀರ್ಕೊಂಡಿದ್ರು, ಕೇಳಿದ್ರ ಖುಷಿ ಪಡ್ತಿದ್ರು.

ಒಪ್ಪಂದ ಬರಿಯೋ ಕೆಲಸ ನಂದು. ಸಹಿಗಿಂತ ಮೊದಲ ಹಣಮವ್ವ ಕೈ ಅಡ್ಡ ಹಿಡದ್ಲು. "ಗುತ್ತಿಗಿ ಹೆಣ್ಮಕ್ಕಳ ಬಾರಿಗೀನೂ ಗೂಟಕ್ಕ ಇರಬೇಕ್ರಿ. ಅದನ್ನೂ ಬರೀರಿ."

ಮುಖ್ಯಾಧಿಕಾರಿ ನಕ್ರು. "ಒಪ್ಪಂದದಾಗ ಯಾರರ ಬಾರಿಗಿ ಬರೀತಾರೇನವಾ?"

"ಯಾರ ಹೆಸರೂ ಬ್ಯಾಡ್ರಿ. ಹಡ್ಯಾಕ ಹೋದಾಕಿ ಬಾರಿಗಿ ಯಾರೂ ಮುಟ್ಟಬಾರದು, ಆಕಿ ಬಂದ ದಿನ ಆಕಿ ಕೈಗೆ ಕೊಡಬೇಕು. ಅಷ್ಟ ಬರೀರಿ. ಇಲ್ಲಾಂದ್ರ ಹಂದಿ ನಿಮ್ಮ ಓಣ್ಯಾಗ ಇರಲಿ."

ಬರದೆ. ಅದ ಮಾತು, ಅದ ಬಾರಿಗಿ. ಗುತ್ತಿಗೆದಾರನ್ನೂ ಕರಸಿದ್ರು, ಅಂವ ಗೊಣಗಕೋತ ಸಹಿ ಹಾಕ್ದ. ಹಣಮವ್ವ ಹೆಬ್ಬಟ್ಟು ಒತ್ತಿದ್ಲು. ತನ್ನ ಸೊಸಿನ್ನ ಹೊರಗ ಇಟ್ಟ ಕಾಗದಕ್ಕ ಒತ್ತಾಕತ್ತೀನಿ ಅಂತ ಆಕಿಗೆ ಗೊತ್ತಿತ್ತು. ಒತ್ತಿ, ಶಾಯಿ ಸೆರಗಿಗೆ ಒರಸ್ಕೊಂಡು ಎದ್ಲು. ನಾ ಅಷ್ಟು ವರ್ಷದಾಗ ಮಂತ್ರಿಗಳ ಸಹಿ ನೋಡೀನಿ, ಕಲೆಕ್ಟರ್ ಸಹಿ ನೋಡೀನಿ. ಯಾವ ಸಹಿಗೂ ನನ್ನ ಕಣ್ಣು ತುಂಬಿದ್ದಿಲ್ಲ.

ಮರುದಿನ ದೇವಮ್ಮ ಸೆರಗು ಸರಿಸಿ ಹೊಟ್ಟಿ ಕಾಣಂಗ ಕೆಲಸಕ್ಕ ಬಂದ್ಲು. ಗುತ್ತಿಗೆದಾರ ಮಾರಿ ತಿರುವ್ದ, ಬರಬ್ಯಾಡ ಅನ್ನಲಿಲ್ಲ. ದಿನ ತುಂಬಿದ ಮ್ಯಾಲ ಆಕಿ ಬಾರಿಗಿಗೆ ಹಸರ ಅಂಚಿನ ಚೂರು ಕಟ್ಟಿ ಹಣಮವ್ವ ತಾನ ಗೂಟಕ್ಕ ಹಾಕಿದ್ಲು. ಹೆಣ್ಣು ಕೂಸು ಆತು. ದೇವಮ್ಮ ತಿರುಗಿ ಬಂದಾಗ ಬಾರಿಗಿ ಅಲ್ಲೇ ಇತ್ತು, ಧೂಳು ಹಿಡದಿತ್ತು ಅಷ್ಟ. ಅಷ್ಟೊತ್ತಿಗೆ ಹಣಮವ್ವ ರಿಟೈರ್ ಆಗಿ ಮನ್ಯಾಗ ಮೊಮ್ಮಗಳನ್ನ ಆಡಿಸಾಕತ್ತಿದ್ಲು.

ಆಮ್ಯಾಲ ಲೆಕ್ಕ ಎಲ್ಲಾ ಕಂಪ್ಯೂಟರಿಗೆ ಹೋತು. ಕಸಕ್ಕ ಹಾಡು ಹಚ್ಚಿದ ಗಾಡಿ ಬಂತು. ಗುತ್ತಿಗೆದಾರರು ಬದಲಾದ್ರು, ಗುತ್ತಿಗಿ ಬದಲಾಗಲಿಲ್ಲ. ಬಾರಿಗಿನೂ ಈಗ ಅವರ ಕೊಡ್ತಾರ, ಪ್ಲಾಸ್ಟಿಕ್ಕಿಂದು, ಉದ್ದನ್ನ ಹಿಡಿಕಿದು. ಎಲ್ಲಾ ಒಂದ ಅಳತಿ. ನನಗ ಆ ಬೂಟು ನೆನಪಾಗ್ತಾವ. ಮನಿ ಕರಾ ಕಡೀಕೊಮ್ಮಿ ತಿದ್ದಿದ್ರು, ಆದ್ರ ಅಷ್ಟೊತ್ತಿಗೆ ಸಿಂಹದ ಗೇಟಿನವರು ಇನ್ನೂ ದೊಡ್ಡ ಮನಿಗೆ ಹೋಗಿದ್ರು.

ರಿಟೈರ್ ಆಗಿ ಕೆಲವು ವರ್ಷದ ಮ್ಯಾಲ, ಈ ಬರವಣಿಗಿ ಸಲುವಾಗಿ, ಆ ಊರಿನ ಶೆಡ್ಡು ನೋಡಿ ಬರೋಣು ಅಂತ ಹೋದೆ. ವರ್ಗ ಆಗಿ ಆ ಊರು ಬಿಟ್ಟು ಬಹಳ ವರ್ಷ ಆಗಿತ್ತು, ನನ್ನ ಗುರ್ತು ಯಾರಿಗೂ ಇಲ್ಲ. ಗೂಟದ ಸಾಲು ಹಂಗ ಇತ್ತು. ಹೆಲ್ಮೆಟ್ಟು, ಊಟದ ಚೀಲ ಜೋತು ಬಿದ್ದಿದ್ವು. ಕಡೀ ಗೂಟಕ್ಕ ಪ್ಲಾಸ್ಟಿಕ್ ಬಾರಿಗಿ ಒಂದು, ಅದಕ್ಕ ಚೂಡಿದಾರದ ವೇಲಿನ ಚೂರು ಕಟ್ಟಿತ್ತು. ನನಗ ತಡೀಲಿಲ್ಲ, ಹತ್ತಿರ ಹೋದೆ. ಮೂಲ್ಯಾಗ ಕೂತು ಚಾ ಕುಡ್ಯಾಕತ್ತಿದ್ದ ಹುಡುಗಿನ್ನ ಕೇಳ್ದೆ, "ಇದು ಯಾರದವಾ?"

"ದೇವಮ್ಮನ ಮಗಳದ್ರಿ. ಗುತ್ತಿಗ್ಯಾಗ ನಮ್ಮ ಜೊತೀ ಅದಾಳ. ಹಡ್ಯಾಕ ಹೋಗ್ಯಾಳ."

ಆವಾಗ ಹೊಟ್ಟ್ಯಾಗಿದ್ದ ಕೂಸು. ಖುಷಿ ಪಡಬೇಕೋ ಅಳಬೇಕೋ ನನಗ ತಿಳೀಲಿಲ್ಲ. ನನಗ ಗೊತ್ತಿಲ್ಲದಂಗ ಕೈ ಆ ಬಾರಿಗಿ ಕಡೆ ಹೋಗಿತ್ತು. ಹುಡುಗಿ ಚಾದ ಕಪ್ಪು ಕೆಳಗಿಟ್ಟು ಎದ್ದು ನಿಂತ್ಲು.

"ಮುಟ್ಟಬ್ಯಾಡ್ರಿ ಕಾಕಾ. ಆಕಿ ಬರ್ತಾಳ."